ತುಂಬಿದ ಲಾರಿ

ಗೋಡೆಗೆ ಬಿಳಿ ಹಲಗೆ, ಅದರ ಮೇಲೆ ಹಸಿರು ಶಾಯಿಯ ಅಂಕಿ:
ಲಾರಿ ತುಂಬಿದ್ದು ನೂರಕ್ಕೆ ತೊಂಬತ್ತೆಂಟು.
ಖಲಂದರ್ ಸಾಬರು ಬೆಳಿಗ್ಗೆ ಚಾ ಲೋಟ ಹಿಡಿದು
ಅದರ ಮುಂದೆ ನಿಲ್ಲುವರು,
ಮಗನ ಮಾರ್ಕ್ಸ್‌ಕಾರ್ಡು ನೋಡುವ ಹಾಗೆ.

ಹಲಗೆ ಬರೆಯುವವನು ನಾನೇ.
ದಾವಣಗೆರೆಯ ಭಟ್ಟಿಗಳ ಸಾಲಿನಲ್ಲಿ, ಹೊಗೆಗೊಳವೆಯ ಕೆಳಗೆ
ಒಂದು ಮೇಜು, ಒಂದು ಕಂಪ್ಯೂಟರ್,
ಕೀಲಿಮಣೆಯ ಸಂದಿಯಲ್ಲಿ ಯಾವಾಗಲೂ ಒಂದೆರಡು ಮಂಡಕ್ಕಿ.

ಮಂಡಕ್ಕಿಗೆ ತೂಕವಿಲ್ಲ, ಜಾಗ ಬೇಕು.
ಒಂದು ಲಾರಿ ಮಾಲೆಂದರೆ ಮುಕ್ಕಾಲು ಗಾಳಿ,
ಆ ಗಾಳಿಯೂ ಡೀಸೆಲ್ ಕುಡಿಯುತ್ತದೆ.
ಅದಕ್ಕೇ ಸಾಬರ ಕಟ್ಟಪ್ಪಣೆ:
ತುಂಬದೆ ಚಕ್ರ ಉರುಳಕೂಡದು.
ಉರುಳಲಿಲ್ಲ.

ಹೊಸದುರ್ಗದಿಂದ ಫೋನು. ಸಣ್ಣನಿಂಗಮ್ಮ,
ಬಸ್‌ಸ್ಟ್ಯಾಂಡ್ ಪಕ್ಕ ಮೆಣಸಿನಕಾಯಿ ಬಜ್ಜಿ ಕರಿಯುವಾಕೆ:
"ನಿಮ್ಮ ಮಂಡಕ್ಕಿ ಮಾತೇ ಆಡಾಕಿಲ್ಲ ಕಣಣ್ಣ.
ಬಾಯಿಗಾಕಿದ್ರೆ ಹಲ್ಲಿಗಂಟಿ ಸುಮ್ಕೆ ಕುಂತ್ಕಣ್ತೈತೆ."

ಹಲಗೆ ನೋಡಿದೆ. ತೊಂಬತ್ತೆಂಟು.
ಅದಕ್ಕೆ ಹಲ್ಲಿಲ್ಲ.

ಅವತ್ತಿನಿಂದ ಇನ್ನೊಂದು ಲೆಕ್ಕ,
ಮಗಳ ಹಳೇ ಕಾಪಿಪುಸ್ತಕದಲ್ಲಿ ಉಳಿದ ಹಾಳೆಗಳ ಮೇಲೆ.
ಕಾದ ಮರಳಿನಿಂದ ಜರಡಿಗೆ ಬಿದ್ದ ಹೊತ್ತು,
ಚೀಲದ ಬಾಯಿ ಹೊಲಿದ ಹೊತ್ತು,
ಲಾರಿ ಅಂಗಳ ಬಿಟ್ಟ ಹೊತ್ತು,
ನಿಂಗಮ್ಮ ಚೀಲ ಬಿಚ್ಚಿದ ಹೊತ್ತು
(ಇದಕ್ಕೆ ಅವಳ ಮಿಸ್ಡ್ ಕಾಲ್; ಎತ್ತಿದರೆ ಬೈಗುಳ).

"ಏನ್ರೀ ರೈಟರ್ರೇ, ಮಂಡಕ್ಕಿಗೂ ಜಾತಕ ಬರಿಯಾಕ್ ಹತ್ತೀರೇನು?"
ಡ್ರೈವರ್ ಮೈಲಾರಪ್ಪ ನಕ್ಕ.
"ಹೂಂ. ಹುಟ್ಟಿದ ಗಳಿಗೆ ಗೊತ್ತಾದ್ರೆ ತಾನೇ
ಸತ್ತ ಗಳಿಗೆ ಸಿಗೋದು."

ಮನಸ್ಸಿನಲ್ಲಿ ನನಗೆ ಅವನ ಮೇಲೇ ಅನುಮಾನ.
ಭರಮಸಾಗರದಲ್ಲಿ ಚಾ, ಚಿತ್ರದುರ್ಗದಲ್ಲಿ ಊಟ,
ಊಟದ ಮೇಲೊಂದು ಕಣ್ಣು ಮುಚ್ಚುವಿಕೆ.
ತಡವೆಂದು ಹೋದ ತಿಂಗಳು ಅವನ ಬಾಟಾ ಕಡಿದಿದ್ದೆ,
ಕೆಂಪು ಶಾಯಿಯಲ್ಲಿ, ಸಹಿ ಸಮೇತ.

ಮೂರು ವಾರ ಕಳೆದು ಕೂಡಿಸಿದೆ.
ದಾರಿಯಲ್ಲಿ, ಚಾ ಊಟ ನಿದ್ದೆ ಎಲ್ಲ ಸೇರಿ, ನಾಲ್ಕು ಗಂಟೆ.
ಅಂಗಳದಲ್ಲಿ ಹತ್ತೊಂಬತ್ತು.

ಮತ್ತೆ ಕೂಡಿಸಿದೆ. ಹತ್ತೊಂಬತ್ತೇ.
ಕೊನೆಯ ನಲವತ್ತು ಚೀಲಕ್ಕಾಗಿ
ಮೊದಲ ಇನ್ನೂರು ಚೀಲ
ತಾಡಪತ್ರಿಯ ಕೆಳಗೆ ಮಾಗಿಯ ಇಬ್ಬನಿ ಕುಡಿಯುತ್ತಾ
ರಾತ್ರಿಯಿಡೀ ಕಾದಿದ್ದವು,
ನಾನು ಬೆಳಿಗ್ಗೆ ಹಸಿರಲ್ಲಿ ಬರೆಯಲಿ ಎಂದು.

ಮೈಲಾರಪ್ಪನಿಗೆ ಬಾಟಾ ತಿರುಗಿ ಕೊಟ್ಟೆ.
ಎಣಿಸದೆ ಜೇಬಿಗಿಟ್ಟ. ಎಣಿಸಿದ್ದರೆ ಚೆನ್ನಾಗಿತ್ತು.

ಕಾಪಿಪುಸ್ತಕ ಸಾಬರ ಮುಂದಿಟ್ಟಾಗ ಅವರು ಓದಲಿಲ್ಲ.
ನಿನ್ನೆಯ ಚೀಲದಿಂದ ಒಂದು ಮುಷ್ಟಿ ತಿಂದರು,
ಈಗಷ್ಟೇ ಜರಡಿಗೆ ಬಿದ್ದದ್ದು ಇನ್ನೊಂದು ಮುಷ್ಟಿ.
ಕಣ್ಣು ಮುಚ್ಚಿ, ಬಹಳ ಹೊತ್ತು.
ಆಮೇಲೆ ಪಕ್ಕದ ಗೋಡೆಯ ಕಡೆ ನೋಡಿ:
"ಬುಡೇನನಿಗೆ ಕೇಳು,
ಅವನದೂ ಅರ್ಧ ಲಾರಿ ಮಾಲು ಇರುತ್ತೇನೋ ಅಂತ."
ಹನ್ನೊಂದು ವರ್ಷದಿಂದ ಆ ಗೋಡೆಗೆ
ಅವರು ಬೆನ್ನು ಹಾಕಿಯೇ ಕೂರುತ್ತಿದ್ದರು.

ಈಗ ಲಾರಿ ದಿನಕ್ಕೆರಡು ಸಲ ಹೊರಡುತ್ತದೆ.
ಬುಡೇನ್ ಸಾಬರ ಚೀಲ ಬಂದ ದಿನ ತುಂಬಿ,
ಬಾರದ ದಿನ ಹಿಂದೆ ಖಾಲಿ ಜಾಗ ಗಡಗಡ ಸದ್ದು ಮಾಡುತ್ತಾ.
ಹಲಗೆಯ ಮೇಲೆ ಎಪ್ಪತ್ತೊಂದು.
ಸಾಬರು ಚಾ ಹಿಡಿದು ನಿಟ್ಟುಸಿರು ಬಿಡುತ್ತಾರೆ:
"ಡೀಸೆಲ್ ಬಿಲ್ಲು ನೋಡಿದ್ಯಾ?"
"ನೋಡಿದೆ. ವಾಪಸು ಬಂದ ಚೀಲ ನೋಡಿದ್ರಾ?"
"ಎಲ್ಲಿವೆ?"
"ಅದೇ."

ನಿನ್ನೆ ಸಂಜೆ ನಿಂಗಮ್ಮನ ಮಿಸ್ಡ್ ಕಾಲ್ ನಿಲ್ಲಲೇ ಇಲ್ಲ.
ಎತ್ತಿದೆ, ಬೈಗುಳಕ್ಕೆ ಕಿವಿ ಗಟ್ಟಿ ಮಾಡಿಕೊಂಡು.
ಮಾತಿಲ್ಲ ಆ ಕಡೆ. ಬಸ್ಸಿನ ಹಾರನ್ನು, ಎಣ್ಣೆಯ ಚುಂಯ್,
ಮತ್ತೆ ಫೋನಿಗೆ ಬಾಯಿ ಹಚ್ಚಿ ಯಾರೋ
ಕುರುಂ ಕುರುಂ ಅಗಿಯುವ ಸದ್ದು.

ಪೆನ್ನು ತೆಗೆದೆ. ಹೊತ್ತು ಬರೆದುಕೊಂಡೆ:
ಆರು ಗಂಟೆ ಹತ್ತು ನಿಮಿಷ.