ಮಂಡಕ್ಕಿ ತಕ್ಕಡಿ

ದಾವಣಗೆರೆಯ ಭಟ್ಟಿಗಳೆಲ್ಲ ತಣ್ಣಗಾಗಿದ್ದ ಮೇ ತಿಂಗಳು.
ಆಸ್ಪತ್ರೆಯ ತೂಕದ ಯಂತ್ರ ಬೀಗದೊಳಗೆ,
ಬೀಗದ ಕೈ ಕೋವಿಡ್ ಡ್ಯೂಟಿಯ ಮೇಲೆ.
ಹೆರಿಗೆ ವಾರ್ಡಿನ ಮಂಚಗಳಲ್ಲಿ
ಕೆಮ್ಮುವ ಗಂಡಸರು.

ಆಟೋದವನು ಬ್ಯಾರಿಕೇಡ್ ನೋಡಿ ತಿರುಗಿಸಿಬಿಟ್ಟ.
ಜಬೀನಾ ಹೆತ್ತದ್ದು ಭಟ್ಟಿಯ ಹಿಂದಿನ ಕೋಣೆಯಲ್ಲಿ;
ಬ್ಲೇಡು ಕುದಿಸಿದ್ದು
ಭತ್ತ ನೆನೆಸುವ ಹಂಡೆಯಲ್ಲಿ.

ನಾನು ಹೋಗುವ ಹೊತ್ತಿಗೆ ಎಂಟು ದಿನ.
ಅತ್ತೆ ಒಳಗೆ ಬಾ ಅನ್ನಲಿಲ್ಲ:
"ನಾಕು ಬೀದಿ ಸುತ್ತಿ ಬಂದೀಯ,
ಏನು ಹೊತ್ಕೊಂಡು ಬಂದೀಯೋ."
ತಪ್ಪೆನ್ನಲಾರೆ.
ಏನು ಹೊತ್ತಿದ್ದೆನೋ ನನಗೂ ಗೊತ್ತಿರಲಿಲ್ಲ.

ಕೊನೆಗೆ ಗಂಡ ಚಮನ್
ತೊಲೆಗೆ ನೇತಾಡುವ ತಕ್ಕಡಿ ತೋರಿಸಿದ.
ಒಂದು ಕಡೆ ಹಳೇ ಸೀರೆಯಲ್ಲಿ ಮಗು.
ಇನ್ನೊಂದು ಕಡೆ ಎರಡು ಕಿಲೋ ಕಲ್ಲು ಇಟ್ಟ—
ತಟ್ಟೆ ದಡಕ್ಕನೆ ನೆಲ ಮುಟ್ಟಿತು.
ತೆಗೆದ. ಒಂದು ಕಿಲೋ ಇಟ್ಟ. ಅರ್ಧ. ಇನ್ನೂರು.
ಮುಳ್ಳು ನಿಂತಿತು.
"ಮಂಡಕ್ಕಿ ಭಟ್ಟಿಯ ಕೂಸು, ಹಗುರ ಇರ್ತದೆ ಬಿಡ್ರಿ" ಅಂದ.
ಯಾರೂ ನಗಲಿಲ್ಲ, ಅವನೂ.

ತಾಯಿ ಕಾರ್ಡು ಬಿಚ್ಚಿದೆ.
ಏಳನೇ ತಿಂಗಳು ಖಾಲಿ, ಎಂಟು ಖಾಲಿ, ಒಂಬತ್ತು
ಅರಿಶಿನದ ಬೆರಳಚ್ಚು.
ತೂಕದ ಮನೆಯಲ್ಲಿ ಬರೆದೆ: ಒಂದು ಕಿಲೋ ಏಳುನೂರು.
ಯಾವ ತಕ್ಕಡಿ ಎಂದು ಕಾರ್ಡು ಕೇಳುವುದಿಲ್ಲ.

ಎದೆಗವಚಿಕೋ, ಮೈಗೆ ಮೈ ತಾಗಲಿ, ಬಟ್ಟೆ ಬೇಡ ಮಧ್ಯೆ
ಎಂದು ಹೊಸ್ತಿಲಾಚೆಯಿಂದ ಕೂಗಿದೆ.
ಮಾಸ್ಕಿನೊಳಗೇ ಉಳಿಯಿತು ಅರ್ಧ ಮಾತು.
ಸರ್ವೆಯ ಚೀಲವನ್ನೇ
ಎದೆಗೊತ್ತಿ ತೋರಿಸಿದೆ, ಹೀಗೆ, ಹೀಗೆ,
ಬಿಸಿಲಲ್ಲಿ, ಬೀದಿಯಲ್ಲಿ, ಎಲ್ಲರೂ ನೋಡುವಂತೆ.

ಹನ್ನೊಂದು ವಾರ ತಡವಾಗಿ ಲಸಿಕೆ ಬಂತು.
ಸೂಜಿ ಚುಚ್ಚಿದಾಗ ಆ ಹುಡುಗಿ ಅತ್ತ ಅಳುವಿಗೆ
ಭಟ್ಟಿಯ ಸಾಲೇ ಹೊರಗೆ ಬಂದು ನಿಂತಿತು.
ತಕ್ಕಡಿಗೆ ಆಗ ಬಿಡುವಿರಲಿಲ್ಲ,
ಮಂಡಕ್ಕಿ ತೂಗುತ್ತಿತ್ತು.