ಬಾಟಲಿಯ ಬೆನ್ನು

ತೀನ್ ಕಂದೀಲಿನ ಹಿಂದಿನ ಓಣಿ, ನನ್ನ ಕಿರಾಣಿ ಅಂಗಡಿ.
ಹುಸೇನಪ್ಪ ಬಂದ, ಮದುವೆ ಕುದುರೆಯವನು.
ಶಾಂಪೂ ಬಾಟಲಿಗಳ ಮುಖ ನೋಡಲಿಲ್ಲ,
ಒಂದೊಂದನ್ನೇ ತಿರುವಿ ಬೆನ್ನು ತೋರಿಸಿದ:
"ಇಲ್ಲೇನ್ ಬರದಾರ, ಓದ್ರೆಕ್ಕಾ."

ಕನ್ನಡಕ ಒರೆಸಿ ಓದಿದೆ.
ಇರುವೆ ಸಾಲಿನಂಥ ಅಕ್ಷರ, ನಾಲಿಗೆಗೆ ಸಿಗದ ಹೆಸರುಗಳು.
ಹೊಟ್ಟು ಹೋಗುತ್ತದೆ, ರೇಷ್ಮೆಯ ಹೊಳಪು ಬರುತ್ತದೆ,
ಕಣ್ಣಿಗೆ ಬಿದ್ದರೆ ತಕ್ಷಣ ತೊಳೆಯಿರಿ.
ಕುದುರೆಯ ಸುದ್ದಿ ಯಾವ ಬೆನ್ನಿನ ಮೇಲೂ ಇಲ್ಲ.

"ಹ್ವಾದ ವರ್ಷ ಬಟ್ಟಿ ಪುಡಿ ಹಾಕಿದ್ದೆ" ಅಂದವನು
ಮುಂದಿನದನ್ನು ತಕ್ಕಡಿ ನೋಡುತ್ತ ಹೇಳಿದ.
ದೊಡ್ಡವರ ಮನೆ ಲಗ್ನ. ಹಾಲಿನಂಗ ಬೆಳ್ಳಗಿರಬೇಕು ಅಂದಿದ್ದರಂತೆ.
ಕೊನೆಯ ಬಕೀಟಿಗೆ ಎರಡು ಹನಿ ನೀಲಿ.
ಬ್ಯಾಂಡಿನವರ ದೀಪದಲ್ಲಿ ನೂರಿ
ಬೆಳದಿಂಗಳೇ ಎದ್ದು ನಡೆದ ಹಾಗಿದ್ದಳಂತೆ.
ಮೂರನೇ ದಿನ ಜೀನಿನ ಜಾಗದಲ್ಲಿ ಚರ್ಮ ಎದ್ದು
ಹಪ್ಪಳದಂತೆ ಕೈಗೆ ಬಂತು.
ಲಗ್ನದ ತಿಂಗಳೆಲ್ಲ
ಗೋಡೆಗೆ ಮೈ ತಿಕ್ಕುತ್ತ ನಿಂತಳು.

ಮಕ್ಕಳ ಶಾಂಪೂ ಮುಂದಿಟ್ಟೆ. ಕಣ್ಣೀರು ಬರುವುದಿಲ್ಲ ಅಂತ ಬರೆದಿದೆ.
"ಯಾರ ಕಣ್ಣೀರು?" ಅಂದ. ಆಮೇಲೆ ರೇಟು ಕೇಳಿದ.
ಒಂದು ಬಾಟಲಿ ಬಾಲಕ್ಕೇ ಸಾಲದು.
ಇನ್ನೊಂದನ್ನು ಮೂಸಿ ವಾಪಸು ಕೊಟ್ಟ:
"ಇಷ್ಟು ಘಮ ಬ್ಯಾಡ. ನನಗ ಸೀನು ಬಂದ್ರ
ಆಕಿ ಮೂಗು ಎಷ್ಟು ಉದ್ದ ಐತಿ, ನೋಡ್ರಿ."

ತೊಗರಿ ಚೀಲದ ಹಿಂದೆ ಅಂಟುವಾಳ ಇತ್ತು,
ಬೆಳ್ಳಿ ತೊಳೆಯುವ ಸರಾಫ ಹುಡುಗರು ಬಿಟ್ಟರೆ
ಕೇಳುವವರಿಲ್ಲದೆ ಧೂಳು ಹಿಡಿದದ್ದು.
ಬೀಜ ತೆಗಿ, ರಾತ್ರಿ ನೆನೆಹಾಕು, ಸೋಸು,
ಕಣ್ಣಿಗೆ ಹೋಗದಂಗ ನೋಡು, ಅದೂ ಉರೀತದ, ಅಂದೆ.
ಬಾಕಿ ಎಲ್ಲಾ ನೀರು. ನೊರೆ ಒಂದು ಚೂರೂ ಉಳಿಯಬಾರದು.

ಹುಸೇನಪ್ಪ ಒಂದು ಕಾಯಿ ಬೆರಳಲ್ಲಿ ಒತ್ತಿ ನೋಡಿದ.
"ಮೊದ್ಲ ತೊಡಿ ಸಂದ್ಯಾಗ ನಾಕಾಣೆಯಷ್ಟು ಹಚ್ಚಿ
ಒಂದು ದಿನ ಕಾಯ್ತೀನಿ.
ಆಕಿಗೆ ಬಾಯಿಲ್ಲ ಅಂತಾರ. ಚರ್ಮ ಐತಲ್ಲ, ಹೇಳತೈತಿ."

ಅರ್ಧ ಕಿಲೋ ಕಟ್ಟಿ ಚಿಲ್ಲರೆ ಎಣಿಸುವಾಗ
ನನ್ನ ಬೆರಳುಗಳ ಮೇಲೆ ಅವನ ಕಣ್ಣು ನಿಂತಿತು,
ಬೇಸಿಗೆಯ ಕರಿಮಣ್ಣಿನಂತೆ ಬಿರಿದ ಬೆರಳು.
"ಭಾಂಡಿ ಯಾವ ಪುಡೀಲಿ ತಿಕ್ತೀರಿ?"

ಇಪ್ಪತ್ತೆರಡು ವರ್ಷ ಮಾರಿದ್ದೇನೆ ಆ ಪೊಟ್ಟಣ.
ಅದಕ್ಕೂ ಒಂದು ಬೆನ್ನಿದೆ,
ತಿರುವಿದವಳಲ್ಲ.

ಅವನು ಹೋದ ಮೇಲೆ ಚೀಲದಿಂದ ಒಂದು ಹಿಡಿ ತೆಗೆದು
ಚೊಂಬಿನಲ್ಲಿ ನೆನೆಹಾಕಿದೆ.
ಈಗ ಮೊಣಕೈಯ ಒಳಮೈಗೆ ನಾಲ್ಕಾಣೆಯಷ್ಟು ಹಚ್ಚಿಕೊಂಡು
ಅಂಗಡಿ ತೆರೆದು ಕೂತಿದ್ದೇನೆ.
ನಾಳೆ ಇಷ್ಟು ಹೊತ್ತಿಗೆ ಗೊತ್ತಾಗಬೇಕು.