ಬಣ್ಣಗೇಡು

ಎಸ್ಪನ್ಯೋಲದಲ್ಲಿ ಊಟಕ್ಕೆ ಕೂತರೆ ಮೊದಲು ಕೇಳುವುದೇ
"ಕೆಂಪೋ, ಹಸಿರೋ?"
ಮೆಣಸಿನಕಾಯಿ ಗೊಜ್ಜು ಯಾವುದು ಬೇಕು ಅಂತ.
ಐವತ್ತೊಂದು ವರ್ಷ ತಡವರಿಸದೆ ಉತ್ತರ ಕೊಟ್ಟಿದ್ದೇನೆ.
ತಟ್ಟೆಗೆ ಬಂದದ್ದು ಯಾವುದೆಂದು
ಹೇಳುವುದು ನಾಲಿಗೆ.
ಕಣ್ಣಿಗೆ ಎರಡೂ ಒಂದೇ, ಒದ್ದೆ ಮಣ್ಣು.

ಸಿಗ್ನಲ್ಲಿನಲ್ಲಿ ಮೇಲಿನ ದೀಪ ನಿಲ್ಲು, ಕೆಳಗಿನದು ಹೋಗು;
ಅಷ್ಟು ತಿಳಿದರೆ ಬದುಕು ಸಾಗುತ್ತದೆ.
ಹೆಂಡತಿಗೂ ಹೇಳಿರಲಿಲ್ಲ.
ಬಾಯಿ ಬಿಟ್ಟರೆ ಬಣ್ಣಗೇಡು.

ಆಮೇಲೆ ಬಂತು ಕಾರು.
ಭಾವಮೈದ ಎಲೋಯ್ ದಬ್ಬಿಹೋದ ಎಪ್ಪತ್ತೊಂಬತ್ತರ ಮಾಂಟೆ ಕಾರ್ಲೊ,
ಆಲಿಕಲ್ಲು ಬಿದ್ದು ನೆತ್ತಿಯ ತುಂಬ ಸಿಡುಬಿನ ಕಲೆ,
ಹಿಂದಿನ ಸೀಟಿನಲ್ಲಿ ಇಲಿಗಳ ತುಂಬು ಸಂಸಾರ.
ಡೆಲ್ಫಿನಾ ಒಂದು ಸುತ್ತು ಹಾಕಿ ಬಂದಳು:
"ಅಪ್ಪ, ಇದರ ಹೊಟ್ಟೆ ನೆಲ ಮುಟ್ಟಬೇಕು."
ನಮ್ಮೂರಲ್ಲಿ ಹಾಗೇ. ಕಾರು ಓಡುವುದಕ್ಕಲ್ಲ,
ತಗ್ಗಿ, ನಿಧಾನವಾಗಿ, ನಾಲ್ಕು ಜನಕ್ಕೆ ಕಾಣುವುದಕ್ಕೆ.

ಸ್ಪ್ರಿಂಗು ಕತ್ತರಿಸಿದೆ. ಡಿಕ್ಕಿಯಲ್ಲಿ ಎರಡು ಪಂಪು, ಆರು ಬ್ಯಾಟರಿ ಕೂರಿಸಿದೆ.
ಅವಳದು ಉಜ್ಜುವ ಕೆಲಸ.
ನಾನೂರರ ಕಾಗದ, ಆರುನೂರರದು, ಎಂಟುನೂರರದು,
ಉಜ್ಜಿ ಉಜ್ಜಿ ಬೆರಳಚ್ಚೇ ಸವೆದು
ಅವಳ ಫೋನು ಅವಳನ್ನೇ ಯಾರು ನೀನು ಎಂದಿತು.

ಒಂದು ಸಂಜೆ ವೈರು ಹಿಡಿದು ಕೇಳಿದಳು:
"ಎಲ್ಲ ಜೋಡಿಯಲ್ಲೂ ಒಂದಕ್ಕೆ ಗಂಟು ಯಾಕೆ ಹಾಕಿದ್ದೀಯ?"
ಹಳೇ ಅಭ್ಯಾಸ ಅಂದೆ.
"ಕೆಂಪಿಗೇ ಯಾಕೆ?"
ಪಾನಾ ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ.
ಅವಳು ಬಣ್ಣದ ಎರಡು ಚೀಟಿ ಎತ್ತಿ ಹಿಡಿದಳು.
ಯಾವುದು ಯಾವುದು, ಹೇಳು.
ಹೇಳಿದೆ. ತಪ್ಪಿತು.

ನಗುತ್ತಾಳೆ ಅಂದುಕೊಂಡಿದ್ದೆ.
"ನನಗೆ ಹದಿನೈದು ತುಂಬಿದ ಹಬ್ಬಕ್ಕೆ
ಆ ಉಡುಪು ತೊಟ್ಟು ಮೆಟ್ಟಿಲಿಳಿದಾಗ
ಎಂಥ ಚಂದದ ಬಣ್ಣ ಅಂದೆಯಲ್ಲ,
ನಿನಗೆ ಕಂಡದ್ದೇನು?"

ಬೂದಿ, ಅಂದೆ.
ಬೂದಿಯ ನಡುವೆ ನೀನು.
ಎರಡನೆಯದು ಅವಳಿಗೆ ಕೇಳಿಸಿತೋ ಇಲ್ಲವೋ,
ಬಾಗಿಲು ಆಗಲೇ ಬಡಿದಿತ್ತು.

ಎರಡು ದಿನ ಶೆಡ್ಡಿನ ಕಡೆ ಬರಲಿಲ್ಲ.
ಮೂರನೆಯ ದಿನ ಬಂದಳು,
ಮುಖಕ್ಕೆ ಮುಸುಕು, ಕೈಯಲ್ಲಿ ಸ್ಪ್ರೇ ಗನ್ನು.
ಮೊದಲು ಬೆಳ್ಳಿ ಬಳಿದಳು. ಅದು ನನಗೂ ಕಂಡಿತು.
ಅದರ ಮೇಲೆ ಪಾರದರ್ಶಕ ಕೆಂಪು, ಏಳು ಪದರ;
ಒಂದೊಂದು ಒಣಗುವ ತನಕ ಕಾಯಬೇಕು.
ಕಾಯುತ್ತ, ಮುಸುಕಿನೊಳಗಿಂದಲೇ ಹೇಳತೊಡಗಿದಳು.

"ಒಂದನೆಯದು, ಹಲ್ಲುನೋವು,
ಇನ್ನೂ ಶುರುವಾಗಿಲ್ಲ, ಆಗುತ್ತೆ ಅಂತ ಗೊತ್ತು."
"ಮೂರನೆಯದು, ಸೆಲ್ಸಾ ಅಜ್ಜಿ ಒಣಗಿಸಿದ ಮೆಣಸು,
ನಾಲಿಗೆ ಮೇಲಲ್ಲ, ಗಂಟಲಿಗಿಳಿದ ಮೇಲೆ."
"ಐದು, ಸಿಟ್ಟು ಬಂದಾಗ ನಿನ್ನ ಕಿವಿ."
ನನ್ನ ಕಿವಿ ನಾನೆಲ್ಲಿ ನೋಡಿದ್ದೇನೆ?
"ಬಿಸಿಯಾಗೋದು ಗೊತ್ತಾಗುತ್ತಲ್ಲ, ಅದೇ."
ಏಳಕ್ಕೆ ಏನೂ ಹೇಳಲಿಲ್ಲ.
ಗನ್ನು ಕೆಳಗಿಟ್ಟು, ಮುಸುಕು ತೆಗೆದು,
ಸುಮ್ಮನೆ ನೋಡುತ್ತ ನಿಂತಳು.
ನಾನು ಅವಳ ಮುಖ ನೋಡಿದೆ.
ನೋಡಬೇಕಾದದ್ದು ಅಲ್ಲೇ ಇತ್ತು.

ಭಾನುವಾರ ರಿವರ್‌ಸೈಡ್ ಡ್ರೈವಿಗೆ ಇಳಿದೆವು,
ಸೈಕಲ್ಲಿನವನೂ ಹಿಂದೆ ಹಾಕುವಷ್ಟು ನಿಧಾನ.
ಎಡ ಹಿಂಬದಿಯ ಸಿಲಿಂಡರಿನಲ್ಲಿ ಎಣ್ಣೆ ಸೋರಿ
ಕಂಬ ಕಂಡ ನಾಯಿಯ ಹಾಗೆ
ಬಲಗಾಲೆತ್ತಿ ನಿಂತಿತು ಕಾರು.
ಮೂರು ಸಲ ಬಿಚ್ಚಿ ಕಟ್ಟಿದ್ದೆ. ನನ್ನ ಪಾಲಿನ ಕೆಲಸ ಅದು.

ಸಿಗ್ನಲ್ಲಿನಲ್ಲಿ ಪಕ್ಕದ ಲಾರಿಯಿಂದ ಯಾರೋ ಕೂಗಿದರು:
"ಬೆಲಾರ್ಮಿನೊ! ಯಾವ ಬಣ್ಣವೋ ಅದು?"
ಅವಳ ಕಡೆ ತಿರುಗಿದೆ.
ಕಿಟಕಿಯಾಚೆ ನೋಡುತ್ತ ಕೂತಿದ್ದಾಳೆ, ಪಿಟಕ್ಕೆನ್ನದೆ.

"ಮಗಳನ್ನ ಕೇಳು," ಎಂದು ಕೂಗಿದೆ,
"ನನಗೆ ಕಾಣೋದಿಲ್ಲ!"
ನಾಲ್ಕು ಸಾಲು ಗಾಡಿಗಳಿಗೆ ಕೇಳಿಸುವ ಹಾಗೆ.

ಕೆಳಗಿನ ದೀಪ ಹತ್ತಿತು.
ಹೊರಟೆವು, ಎಡಕ್ಕೆ ವಾಲಿಕೊಂಡೇ.